ಎತ್ತರದ ಮೋಹ

ನಮ್ಮ ತಂದೆಯವರು ಬಿಟ್ಟುಹೋದ ಆಸ್ತಿಯಲ್ಲಿ ಒಂದು ಹಳೆಯ ಜೀಪೂ ಸೇರಿದೆ. ಮಹೀಂದ್ರದವರು ೧೯೪೭ರಲ್ಲಿ ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದರಲ್ಲವೆ, ಆ ವಂಶದ ಕುಡಿ ಅದು. ತಮ್ಮನ ಮಗನಿಗೆ ಅದರ ಎತ್ತರ ಸಾಲದೆನಿಸಿತು. "ದೊಡ್ಡಪ್ಪ, ನಾಲ್ಕು ಅಂಗುಲ ಏರಿಸಿಬಿಟ್ಟರೆ ಯಾವ ಹಳ್ಳವೂ ಯಾವ ಬಂಡೆಯೂ ನಮ್ಮನ್ನು ತಡೆಯಲಾರದು" ಎಂದ. ನಾನು ಬೇಡವೆನ್ನಲಿಲ್ಲ. ಎತ್ತರದಲ್ಲಿ ಕುಳಿತು ಲೋಕವನ್ನು ನೋಡುವ ಆಸೆ ಈ ವಯಸ್ಸಿನಲ್ಲಿಯೂ ನನ್ನನ್ನು ಬಿಟ್ಟಿರಲಿಲ್ಲ.

ಪೇಟೆಯ ಗ್ಯಾರೇಜೊಂದರಲ್ಲಿ, ಅಚ್ಚಿನ ಕೆಳಗಿದ್ದ ಕಮಾನುಪಟ್ಟಿಗಳನ್ನು ಅಚ್ಚಿನ ಮೇಲಕ್ಕೆ ತಂದು ಕೂರಿಸಿದರು. ಜೀಪು ತಲೆಯೆತ್ತಿ ನಿಂತಿತು. ಎಂಬತ್ತು ದಾಟಿದ ನಮ್ಮ ತಾಯಿಯವರು ಮಾತ್ರ, "ಹತ್ತುವುದಕ್ಕೆ ಮಣೆ ಬೇಕಲ್ಲೋ!" ಎಂದರು. ಮಣೆಯನ್ನೂ ತಂದಿಟ್ಟೆವು. ವೇಗ ಹೆಚ್ಚಿಸಿದೊಡನೆ ಕಾಲಡಿಯಿಂದ ಒಂದು ನಡುಕ ಏಳುತ್ತಿತ್ತು. ಹಳೆಯ ಗಾಡಿಯ ಸ್ವಭಾವವೆಂದು ಇಬ್ಬರೂ ಸಮಾಧಾನ ಹೇಳಿಕೊಂಡೆವು.

ಧರ್ಮಸ್ಥಳದಿಂದ ತಾಯಿಯವರೊಡನೆ ಹಿಂತಿರುಗುತ್ತ ಚಾರ್ಮಾಡಿ ಘಟ್ಟವನ್ನು ಏರುತ್ತಿದ್ದಾಗ ಅಡಿಯಲ್ಲಿ ಢಣ್ಣೆಂದು ಶಬ್ದವಾಯಿತು. ಎಂಜಿನ್ನು ಅಬ್ಬರಿಸಿತು, ಗಾಡಿ ಮುಂದೆ ಹೋಗಲಿಲ್ಲ, ಹಿಂದಕ್ಕೆ ಜಾರಿತು. ಕೈಬ್ರೇಕನ್ನು ಎಳೆದೆ, ಪ್ರಯೋಜನವಾಗಲಿಲ್ಲ. ಇಂತಹ ಜೀಪಿನಲ್ಲಿ ಕೈಬ್ರೇಕು ಹಿಡಿಯುವುದು ಚಕ್ರವನ್ನಲ್ಲ, ಗೇರುಪೆಟ್ಟಿಗೆಯ ಹಿಂದಿನ ತುದಿಯನ್ನು. ಅಲ್ಲಿಂದ ಅಚ್ಚಿಗೆ ಹೋಗುವ ಶಾಫ್ಟೇ ಮುರಿದ ಮೇಲೆ ಅದು ಯಾರನ್ನು ಹಿಡಿದೀತು? ಕಾಲಿನ ಬ್ರೇಕು ನಮ್ಮನ್ನು ಉಳಿಸಿತು. ಹುಡುಗ ಹಾರಿ ಇಳಿದು ಚಕ್ರಗಳಿಗೆ ಕಲ್ಲು ಕೊಟ್ಟ. ತಾಯಿಯವರು ಕಣ್ಣು ಮುಚ್ಚಿ ಮಂಜುನಾಥನನ್ನು ನೆನೆಯುತ್ತಿದ್ದರು.

ಮುರಿದ ಶಾಫ್ಟನ್ನು ಬಿಚ್ಚಿ ತೆಗೆದು, ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವ ಗೇರು ಹಾಕಿ, ಆಮೆಯಂತೆ ಊರು ಸೇರಿದೆವು.

ಮೂಡಿಗೆರೆಯ ವೃದ್ಧ ಮೇಸ್ತ್ರಿಯೊಬ್ಬರು ಕಾರಣವನ್ನು ಬಿಡಿಸಿ ಹೇಳಿದರು. ಆ ಶಾಫ್ಟಿನ ಎರಡು ತುದಿಗಳಲ್ಲಿಯೂ ಒಂದೊಂದು ಕ್ರಾಸ್ ಕೀಲು ಇರುತ್ತದೆ. ಬಾಗಿ ತಿರುಗುವಾಗ ಒಂಟಿ ಕೀಲು ವೇಗವನ್ನು ಸಮನಾಗಿ ದಾಟಿಸದು. ಬಾಗು ೨೦ ಡಿಗ್ರಿಯಿದ್ದರೆ, ಈಚೆ ನಿಮಿಷಕ್ಕೆ ೧,೦೦೦ ಸುತ್ತು ಒಂದೇ ಸಮನೆ ತಿರುಗಿದರೂ ಆಚೆಯ ವೇಗ ೯೪೦ಕ್ಕೆ ಇಳಿದು ೧,೦೬೪ಕ್ಕೆ ಏರುತ್ತಿರುತ್ತದೆ. ಅದೂ ಪ್ರತಿ ಸುತ್ತಿನಲ್ಲಿ ಎರಡೆರಡು ಬಾರಿ. ಇನ್ನೊಂದು ಕೀಲೂ ಅಷ್ಟೇ ಬಾಗಿದ್ದು, ಶಾಫ್ಟಿನ ಎರಡು ತುದಿಯ ಕವಲುಗಳೂ ಒಂದೇ ನೇರದಲ್ಲಿದ್ದರೆ, ಒಂದರ ಏರಿಳಿತವನ್ನು ಮತ್ತೊಂದು ಅಳಿಸುತ್ತದೆ. ಆದಕಾರಣ ಗೇರುಪೆಟ್ಟಿಗೆಯಿಂದ ಹೊರಬರುವ ದಂಡವೂ ಅಚ್ಚಿನ ಪಿನಿಯನ್ ದಂಡವೂ ಸಮಾನಾಂತರವಾಗಿರಬೇಕು.

ನಮ್ಮ ಗಾಡಿಯಲ್ಲಿ ಪಿನಿಯನ್ನಿನ ಮೂತಿಯನ್ನು ಶಾಫ್ಟಿನ ನೇರಕ್ಕೆ ಮೇಲೆತ್ತಿ, ಪಟ್ಟಿಯ ಪೀಠಗಳನ್ನು ಬೆಸೆದಿದ್ದರು. ಕೆಳಗಿನ ಕೀಲಿಗೆ ಬಾಗೇ ಇಲ್ಲ, ಭಾರವೆಲ್ಲ ಮೇಲಿನದಕ್ಕೆ. ಮೇಲ್ತುದಿಯಲ್ಲಿ ಜೋಡಿಕೀಲು ಇರುವ ಶಾಫ್ಟಿಗೆ ಆ ಕ್ರಮವೇ ಸರಿಯಂತೆ. ನಮ್ಮದರಲ್ಲಿದ್ದುದು ಒಂಟಿಕೀಲು.

"ಕೋನ ಸಮ ಮಾಡಿಕೊಡುತ್ತೇನೆ ಸ್ವಾಮಿ, ಆದರೆ ಬಾಗು ಹೆಚ್ಚಿದಷ್ಟೂ ಕ್ರಾಸಿನ ಆಯುಷ್ಯ ಕಡಮೆ" ಎಂದರು ಮೇಸ್ತ್ರಿ.

ಹುಡುಗ ತಲೆ ತಗ್ಗಿಸಿದ್ದ. "ತಪ್ಪು ನನ್ನದು ದೊಡ್ಡಪ್ಪ" ಎಂದ. ನಡುಕ ನನ್ನ ಕಾಲಿಗೂ ತಿಳಿದಿತ್ತಲ್ಲವೆ? ತಿಳಿದೂ ಸುಮ್ಮನಿದ್ದ ಹಿರಿಯನ ತಪ್ಪು, ತಿಳಿಯದೆ ಏರಿಸಿದ ಕಿರಿಯನ ತಪ್ಪಿಗಿಂತ ದೊಡ್ಡದು. ಹಾಗೆಂದೇ ಅವನಿಗೆ ಹೇಳಿದೆ.

ಪಟ್ಟಿಗಳನ್ನು ಮೊದಲಿನಂತೆ ಅಚ್ಚಿನ ಕೆಳಕ್ಕೆ ಇಳಿಸೋಣವೆಂದು ಅವನೇ ನಿರ್ಧರಿಸಿದ. ಕೋನಮಾಪಕವನ್ನು ಹಿಡಿದು, ಗಾಡಿಯಡಿಯಲ್ಲಿ ಮಲಗಿ, ಎರಡು ಕೀಲುಗಳನ್ನೂ ತಾನೇ ಅಳೆದು ನೋಡಿದ. ಮರುವಾರ ತಾಯಿಯವರು ಯಾರ ಕೈಯನ್ನೂ ಹಿಡಿಯದೆ ಜೀಪು ಹತ್ತಿ ಕುಳಿತರು. ಮಣೆ ಅಡಿಗೆಮನೆಗೆ ಹಿಂತಿರುಗಿದೆ.