ಸಾವಿನ ಕಣಿವೆಯ ಏರಿನಲ್ಲಿ ಹಳೆಯ ವ್ಯಾನು

ಮಂಚ, ಒಲೆ, ಪಾತ್ರೆ ಸಮೇತ ಪ್ರವಾಸ ಹೊರಡೋ ಭಾಗ್ಯ ಎಷ್ಟು ಜನಕ್ಕುಂಟು ಹೇಳಿ? 2018ರ ಮಾರ್ಚಿನಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಕಡೆಯಿರುವ ತಂಗಿಯ ಮನೆಗೆ ಹೋಗಿದ್ದಾಗ ನನಗದು ಒದಗಿತು. ಅವರದು 1978ರ ಫೋಕ್ಸ್‌ವ್ಯಾಗನ್ ವ್ಯಾನು. ಜರ್ಮನಿಯಲ್ಲಿ ತಯಾರಾಗಿ, ವೆಸ್ಟ್‌ಫಾಲಿಯಾ ಎಂಬ ಕಂಪನಿಯಿಂದ ಮಂಚ, ಕಪಾಟು, ಸಿಂಕು, ಮೇಲೆತ್ತುವ ಮಾಡು ಎಲ್ಲವನ್ನೂ ಹಾಕಿಸಿಕೊಂಡು ಬಂದದ್ದು. ಅದರೊಳಗೇ ಅವಲಕ್ಕಿಗೆ ಒಗ್ಗರಣೆ ಹಾಕಿದ್ದೇನೆ!

ತಂಗಿಗೆ ಮಾತ್ರ ಅದರ ಮೇಲಿನ ನಂಬಿಕೆ ಹೋಗಿತ್ತು. ಹಿಂದಿನ ಬೇಸಗೆಯಲ್ಲಿ ಒಂದು ಏರಿನ ನಡುವೆ ಎಂಜಿನ್ನಿನ ಎಣ್ಣೆ ವಿಪರೀತ ಕಾದು, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಎರಡು ಗಂಟೆ ರಸ್ತೆಬದಿ ಕೂತಿದ್ದರಂತೆ. "ಈ ಸಲವೂ ಹಾಗೇ ಆದ್ರೆ ಮಾರಿಬಿಡೋಣ" ಅಂತ ಗಂಡ ಹೆಂಡಿರ ನಡುವೆ ಮಾತಾಗಿತ್ತು. ಮಾರಿದರೆ ಪ್ರವಾಸವೂ ನಿಂತ ಹಾಗೇ. ನಾಲ್ಕು ಜನ ದಿನಾ ಹೋಟೆಲಿನಲ್ಲಿ ತಂಗುವುದು ಅವರ ಸಂಬಳಕ್ಕೆ ಎಟಕುವಂಥದ್ದಲ್ಲ.

ಗಾಡಿಯ ವಿಷಯ ಗಂಡಸರದ್ದು ಅಂತ ಪುಟ ತಿರುವಬೇಡಿ, ಇದು ನಮ್ಮ ಅಡುಗೆಮನೆಯ ವಿದ್ಯೆಯೇ. ಈ ವ್ಯಾನಿನ ಎಂಜಿನ್ ಹಿಂಭಾಗದಲ್ಲಿದೆ. ಅದಕ್ಕೆ ರೇಡಿಯೇಟರೂ ಇಲ್ಲ, ನೀರೂ ಇಲ್ಲ. ಒಂದು ಫ್ಯಾನು ಬೀಸುವ ಗಾಳಿ, ಒಳಗೆ ಸುತ್ತುವ ಮೂರೂವರೆ ಲೀಟರ್ ಎಣ್ಣೆ, ಇವೆರಡೇ ಅದರ ಕಾವು ಇಳಿಸಬೇಕು. ಎಣ್ಣೆ ಅತಿಯಾಗಿ ಕಾದರೆ ನೀರಿನಂತೆ ತೆಳ್ಳಗಾಗಿ, ಲೋಹಕ್ಕೆ ಲೋಹ ಉಜ್ಜತೊಡಗುತ್ತದೆ.

ಬಿಸಿ ಕಾಫಿಯನ್ನು ಬಸಿಗೆ ಸುರಿದು ಆರಿಸ್ತೀವಲ್ಲ? ಎಣ್ಣೆಯ ಕೂಲರು ಮಾಡೋದೂ ಅಷ್ಟೇ. ಎಣ್ಣೆಯನ್ನು ಸಣ್ಣ ಸಣ್ಣ ನಾಳಗಳಲ್ಲಿ ಹರಡಿ ಗಾಳಿಗೆ ಒಡ್ಡುತ್ತದೆ. ಗಾಡಿಯಲ್ಲಿ ಮೊದಲಿನದೊಂದು ಇತ್ತು. ತಂಗಿಯ ಯಜಮಾನರು ಇನ್ನೊಂದನ್ನು ತಂದು ವ್ಯಾನಿನ ಹೊಟ್ಟೆಯಡಿ, ಹೊಗೆ ಕೊಳವೆಯಿಂದ ದೂರಕ್ಕೆ ಬಿಗಿದರು. ಅದಕ್ಕೇ ಒಂದು ಪುಟ್ಟ ವಿದ್ಯುತ್ ಫ್ಯಾನು, ಕಲ್ಲು ತಾಗದಂತೆ ತಂತಿಜಾಲರಿ. ಎಣ್ಣೆ ಸೋಸುವ ಫಿಲ್ಟರಿಗೂ ಎಂಜಿನ್ನಿಗೂ ನಡುವೆ ಒಂದು ದಪ್ಪ ಬಿಲ್ಲೆ ಸೇರಿಸಿ, ಅಲ್ಲಿಂದ ಕೂಲರಿಗೆ ಎರಡು ಗಟ್ಟಿ ಹೋಸು ಎಳೆದರು. ಆ ಬಿಲ್ಲೆಯೊಳಗೆ ಥರ್ಮೋಸ್ಟಾಟ್ ಇದೆ. ಎಣ್ಣೆ ಸುಮಾರು 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೇ ಅದು ದಾರಿ ಬಿಡೋದು. ಯಾಕೆ ಗೊತ್ತೆ? ತಣ್ಣನೆಯ ಎಣ್ಣೆ ಚಳಿಗಾಲದ ತುಪ್ಪದ ಹಾಗೆ ಮಂದ. ಅಲ್ಲದೆ ಬಿಸಿ ಸಾಲದಿದ್ದರೆ ಒಳಗೆ ಸೇರಿದ ನೀರಿನ ಪಸೆ ಆವಿಯಾಗದೆ ಎಣ್ಣೆಯೇ ಕೆಸರಾಗುತ್ತದೆ. ಥರ್ಮೋಸ್ಟಾಟ್ ಇಲ್ಲದ ಕೂಲರು ಹಾಕಿಸುವುದಕ್ಕಿಂತ ಹಾಕಿಸದಿರುವುದೇ ಮೇಲು ಅಂತ ನನ್ನ ಎಣಿಕೆ.

ಇದಕ್ಕೂ ಮೊದಲು ಅವರೊಂದು ಅಗ್ಗದ ಕೆಲಸ ಮಾಡಿದ್ದರು, ನನಗೆ ಮೆಚ್ಚಿಗೆಯಾದದ್ದು ಅದೇ. ಎಂಜಿನ್ನಿನ ಸುತ್ತ ರಬ್ಬರಿನ ಅಂಚಿರುತ್ತದೆ. ಕೆಳಗಿನ ಬಿಸಿಗಾಳಿ ಮೇಲೆ ಬಾರದಂತೆ ತಡೆಯೋದು ಅದರ ಕೆಲಸ. ನಲವತ್ತು ವರ್ಷದಲ್ಲಿ ಅದು ಹಪ್ಪಳದಂತೆ ಪುಡಿಯಾಗಿ, ಫ್ಯಾನು ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು! ಅದನ್ನು ಹಾಗೇ ಬಿಟ್ಟು ಎಷ್ಟು ಕೂಲರು ಜೋಡಿಸಿ ಏನು ಬಂತು?

ಹೀಗೆ ಸಜ್ಜಾಗಿ ಡೆತ್ ವ್ಯಾಲಿಗೆ, ಅಂದ್ರೆ ಸಾವಿನ ಕಣಿವೆಗೆ ಹೋದೆವು. 1913ರ ಜುಲೈ 10ರಂದು ಇಲ್ಲಿ 56.7 ಡಿಗ್ರಿ ಸೆಲ್ಸಿಯಸ್ ಬಿಸಿಲು ದಾಖಲಾಗಿದೆ. ಬ್ಯಾಡ್‌ವಾಟರ್ ಎಂಬಲ್ಲಿ ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗೆ ನಿಂತು ಉಪ್ಪಿನ ಬಯಲು ನೋಡಿದೆವು. ನೀವು ಹೋಗುವುದಾದರೆ ನವೆಂಬರಿನಿಂದ ಮಾರ್ಚ್ ಒಳಗೆ ಹೋಗಿ, ನೀರು ಧಾರಾಳವಾಗಿರಲಿ.

ಪರೀಕ್ಷೆ ಇದ್ದದ್ದು ಹಿಂದಿರುಗುವಾಗ. ಸ್ಟೋವ್‌ಪೈಪ್ ವೆಲ್ಸ್ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲೇ ಇದೆ. ಅಲ್ಲಿಂದ ಹದಿನೇಳು ಮೈಲಿಯಷ್ಟರಲ್ಲಿ 4,956 ಅಡಿಯ ಟೌನ್ ಪಾಸ್ ಏರಬೇಕು. ನಮ್ಮ ಆಗುಂಬೆಯ ಎರಡರಷ್ಟಕ್ಕಿಂತ ಹೆಚ್ಚು! ಎಂಜಿನ್ ಕಾದೀತು, ಏಸಿ ಆರಿಸಿ ಅಂತ ದಾರಿಯಲ್ಲಿ ಫಲಕ. ರೇಡಿಯೇಟರಿಗೆ ಸುರಿಯಲೆಂದು ನೀರಿನ ತೊಟ್ಟಿ ಬೇರೆ. ನಮ್ಮ ಗಾಡಿಗೆ ಆ ನೀರಿಂದ ಏನು ಪ್ರಯೋಜನ?

ತಂಗಿ ಎಣ್ಣೆಯ ಬಿಸಿ ತೋರಿಸುವ ಮುಳ್ಳಿನ ಮೇಲೇ ಕಣ್ಣು ನೆಟ್ಟಿದ್ದಳು. 95, 102, 108. ಅವಳ ಯಜಮಾನರು ಗೇರು ಇಳಿಸಿ, ನಿಧಾನಕ್ಕೆ ಆದರೆ ಎಂಜಿನ್ ಜೋರಾಗಿ ತಿರುಗುವಂತೆ ಓಡಿಸಿದರು. ಈ ಗಾಡಿಯ ದೊಡ್ಡ ಫ್ಯಾನು ಎಂಜಿನ್ನಿನ ಜೊತೆಗೇ ತಿರುಗುವುದರಿಂದ ಹಾಗೆ ಮಾಡಿದರೆ ಗಾಳಿ ಹೆಚ್ಚು. ಹಿಂದಿನ ಸಲ 130 ದಾಟಿತ್ತಂತೆ. ಈ ಸಲ ಮುಳ್ಳು 112ಕ್ಕೆ ಬಂದು ಅಲ್ಲೇ ನಿಂತಿತು. ತುದಿ ತಲುಪುವ ತನಕ ಮಕ್ಕಳೂ ತುಟಿ ಬಿಚ್ಚಲಿಲ್ಲ.

ಆಚೆ ಪನಮಿಂಟ್ ಕಣಿವೆಗೆ ಇಳಿಯುವಷ್ಟರಲ್ಲಿ ಮುಳ್ಳು ತೊಂಬತ್ತಕ್ಕೆ ಬಂದಿತ್ತು. ಗಾಡಿ ಮಾರುವ ಮಾತನ್ನು ತಂಗಿ ಎತ್ತಲಿಲ್ಲ. ಸೀಟಿನಡಿಯಿಂದ ನಕ್ಷೆ ತೆಗೆದು, ಬೇಸಗೆ ರಜೆಗೆ ಎಲ್ಲಿಗೆ ಹೋಗೋಣ ಅಂತ ಮಕ್ಕಳನ್ನು ಕೇಳತೊಡಗಿದಳು.