ರೊಟ್ಟಿ ಬಾರದ ರೊಟ್ಟಿ ಮೇಕರ್

ರೊಟ್ಟಿ ಮೇಕರ್ ಎಂಬ ಹೆಸರಿನ ಯಂತ್ರಕ್ಕೆ ರೊಟ್ಟಿ ಮಾಡಲು ಬರುವುದಿಲ್ಲ. ಗೋಕಾಕದ ನಮ್ಮ ಮನೆಯಲ್ಲಿ ಮೂರು ವಾರ ಇದ್ದು, ಮೂಡಲಗಿಯ ಅಕ್ಕನ ಮನೆಗೆ ಹೋಗಿ, ಕೊನೆಗೆ ಹುಕ್ಕೇರಿ ಕಡೆಯ ಹಳ್ಳಿಯಲ್ಲಿರುವ ಅತ್ತೆಯ ಮನೆ ಸೇರಿದ ಅದು ಮೂರು ತಾಲ್ಲೂಕುಗಳಲ್ಲೂ ಒಂದೇ ಫಲಿತಾಂಶ ಕೊಟ್ಟಿತು. ನನ್ನ ಪಿಎಚ್‌ಡಿಯ ದತ್ತಾಂಶ ಇಷ್ಟು ಖಚಿತವಾಗಿದ್ದಿದ್ದರೆ ನಮ್ಮ ಗೈಡ್ ಕುಣಿದಾಡುತ್ತಿದ್ದರು.

ತಂದವನು ಅಣ್ಣ. ಅವ್ವನ ಬಲಗೈ ಮಣಿಕಟ್ಟು ಎರಡು ವರ್ಷದಿಂದ ನೋಯುತ್ತಿದೆ. ಡಾಕ್ಟರು ‘ಕೈಗೆ ವಿಶ್ರಾಂತಿ ಕೊಡ್ರಿ’ ಅಂದಾಗ ಅವ್ವ ನಕ್ಕಿದ್ದಳು. ದಿನಕ್ಕೆ ಇಪ್ಪತ್ತು ಜೋಳದ ರೊಟ್ಟಿ ಬಡಿಯುವ ಕೈ ಅದು. ಅಣ್ಣ ನಗಲಿಲ್ಲ, ಮರುವಾರವೇ ಪೆಟ್ಟಿಗೆ ಹೊತ್ತು ತಂದ.

ಎರಡು ದುಂಡನೆಯ ಬಿಸಿ ತಟ್ಟೆ, ಒಂದು ಹಿಡಿಕೆ, ಒಂದು ಕೆಂಪು ದೀಪ, ಒಂದು ಹಸಿರು ದೀಪ. ಹಸಿರು ಹತ್ತಿದ ಮೇಲೆ ಹಿಟ್ಟಿನ ಉಂಡೆ ಇಟ್ಟು ಒತ್ತಬೇಕು. ಅವ್ವ ಒತ್ತಿದಳು. ಒಳಗಿನ ಹಬೆ ಪುಸ್ ಎಂದು ಹೊರಬಂತು. ಎತ್ತಿ ನೋಡಿದರೆ ಅರ್ಧ ರೊಟ್ಟಿ ಮೇಲಿನ ತಟ್ಟೆಗೆ, ಅರ್ಧ ಕೆಳಗಿನದಕ್ಕೆ. ಅಂಚೆಲ್ಲ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು. ‘ಇದ ರೊಟ್ಟಿ ಅಲ್ಲ ತಂಗಿ, ನಕಾಶೆ’ ಅಂದಳು. ಅಂಗಡಿಯಲ್ಲಿ ಕೇಳಿದರೆ ಉತ್ತರ ಸಿದ್ಧವಿತ್ತು: ‘ಗೋಧಿ ಹಿಟ್ಟು ಹಾಕಿ ನೋಡ್ರಿ.’ ಜೋಳ ಉಣ್ಣುವ ಊರಲ್ಲಿ ಕೂತು ಹೇಳುವ ಮಾತೇ ಇದು?

ಆದರೆ ಅವನು ಹೇಳಿದ್ದು ಸುಳ್ಳಲ್ಲ. ಗೋಧಿಯಲ್ಲಿ ಗ್ಲುಟೆನ್ ಇದೆ. ಒತ್ತಿದರೆ, ಎಳೆದರೆ ಹಿಟ್ಟು ಹರಿಯದೆ ಹಿಗ್ಗುತ್ತದೆ. ಜೋಳದಲ್ಲಿ ಅದು ಇಲ್ಲ. ಅದಕ್ಕೇ ನಮ್ಮವರು ಕುದಿಯುವ ಎಸರಿಗೆ ಹಿಟ್ಟು ಹಾಕುವುದು. ಆ ಬಿಸಿಗೆ ಪಿಷ್ಟ ಅಷ್ಟಿಷ್ಟು ಬೆಂದು ಅಂಟಾಗುತ್ತದೆ. ಜಿಗಿ ಅನ್ನುವುದು ಅದನ್ನೇ. ಆ ಜಿಗಿಯೂ ಒಮ್ಮೆಲೇ ಒತ್ತಿದರೆ ತಡೆಯುವುದಿಲ್ಲ. ಒಂದು ಅಂಗೈ ಬಡಿಯುತ್ತ ತಿರುಗಿಸಬೇಕು, ಇನ್ನೊಂದು ಕೈ ಅಂಚು ಒಡೆದಲ್ಲೆಲ್ಲ ಕೂಡಿಸುತ್ತ ಹೋಗಬೇಕು. ಹಂಚಿಗೆ ಹಾಕಿದ ಮೇಲೂ ಕೆಲಸ ಮುಗಿಯಲಿಲ್ಲ. ಮೇಲ್ಮೈ ಒಣಗಿ ಬಿರಿಯದಂತೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಮೇಲೂ ಕೆಳಗೂ ಒಟ್ಟಿಗೇ ಸುಡುವ ಯಂತ್ರದಲ್ಲಿ ಆ ನೀರಿಗೆ ಜಾಗವೇ ಇಲ್ಲ. ಅದನ್ನು ಮಾಡಿದವರ ತಲೆಯಲ್ಲಿ ರೊಟ್ಟಿ ಅಂದರೆ ಚಪಾತಿ.

ಅಕ್ಕ ಹಿಟ್ಟು ಸಡಿಲ ಮಾಡಿ ನೋಡಿದಳು, ಪ್ಲಾಸ್ಟಿಕ್ ಹಾಳೆಯ ನಡುವೆ ತಟ್ಟಿ ಆಮೇಲೆ ಇಟ್ಟು ನೋಡಿದಳು. ‘ತಟ್ಟೂದಾದ್ರ ಇದ್ಯಾಕ ಬೇಕಬೇ?’ ಎಂದು ಹುಕ್ಕೇರಿಯತ್ತ ಸಾಗಹಾಕಿದಳು. ಅತ್ತೆ ಮೊದಲು ಕರೆಂಟಿನ ಮೇಲೆ ಗುಮಾನಿಪಟ್ಟಳು. ಹುಕ್ಕೇರಿಯ ಹಳ್ಳಿಗಳಿಗೆ ವಿದ್ಯುತ್ ಹಂಚುವುದು ಹೆಸ್ಕಾಂ ಅಲ್ಲ, 1969ರಲ್ಲಿ ಶುರುವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಪಾಪ, ಸಂಘದ ಕರೆಂಟಿಗೂ ರೊಟ್ಟಿ ಹರಿಯಿತು, ಹೆಸ್ಕಾಂ ಕರೆಂಟಿಗೂ ಹರಿದಿತ್ತು.

ನಮ್ಮ ಭಾಗಕ್ಕೆ ಯಂತ್ರ ಹೊಸದೇನಲ್ಲ. ಗೋಕಾಕ ಫಾಲ್ಸ್‌ನಲ್ಲಿ 1887ರಷ್ಟು ಹಿಂದೆಯೇ ಘಟಪ್ರಭೆಯ ನೀರಿನ ಬಲದಿಂದ ನೂಲಿನ ಗಿರಣಿ ತಿರುಗಿತು. ಬೀಸುಕಲ್ಲಿನ ಕೆಲಸ ಹಿಟ್ಟಿನ ಗಿರಣಿಗೆ ಹೋಯಿತು, ಸೇದುವ ಕೆಲಸ ಮೋಟಾರಿಗೆ, ಕಟ್ಟಿಗೆಯ ಕೆಲಸ ಗ್ಯಾಸಿಗೆ. ಉಳಿದದ್ದು ಮಣಿಕಟ್ಟೊಂದೇ. ದೊಡ್ಡ ಪ್ರಮಾಣದಲ್ಲಿ ರೊಟ್ಟಿ ಮಾಡುವ ಯಂತ್ರಗಳು ಈಗ ಇವೆ. ಅವು ವ್ಯಾಪಾರಕ್ಕೆ, ಮನೆಗಲ್ಲ. ನನ್ನನ್ನು ನೋಡಲು ಬಂದವರು ಪ್ರಬಂಧದ ವಿಷಯ ಕೇಳಿದ್ದಿಲ್ಲ, ‘ರೊಟ್ಟಿ ಬಡಿಯಾಕ ಬರ್ತೈತೇನವಾ?’ ಎಂದು ಮಾತ್ರ ತಪ್ಪದೆ ಕೇಳಿದ್ದಾರೆ. ಬರುತ್ತದೆ. ಆದರೆ ಈ ಪ್ರಶ್ನೆಯನ್ನು ಅಣ್ಣನಿಗೆ ಯಾರೂ ಕೇಳಿಲ್ಲ. ಹೀಗಿರುವಾಗ ಯಂತ್ರ ಕಂಡುಹಿಡಿಯುವ ಅವಸರ ಯಾರಿಗಿದ್ದೀತು?

ಅತ್ತೆ ಈಗ ಅದರಲ್ಲಿ ಹಪ್ಪಳ ಸುಡುತ್ತಾಳೆ. ಚೆನ್ನಾಗಿ ಸುಡುತ್ತದಂತೆ. ಅವ್ವ ವಾರಕ್ಕೆ ಮೂರು ದಿನ ನಮ್ಮ ಓಣಿಯ ಹೆಣ್ಣುಮಗಳೊಬ್ಬಳಿಂದ ರೊಟ್ಟಿ ಕೊಳ್ಳುತ್ತಾಳೆ. ನೋವು ಸ್ವಲ್ಪ ಇಳಿದಿದೆ. ಮೊನ್ನೆ ರೊಟ್ಟಿ ಎಣಿಸಿಕೊಳ್ಳುವಾಗ, ದಿನಕ್ಕೆ ಎಷ್ಟು ಬಡಿಯುತ್ತೀ ಎಂದು ಆಕೆಯನ್ನು ಕೇಳಿದಳು.

‘ಇನ್ನೂರು ಆಗ್ತಾವ್ರೀ’ ಅಂದಳು ಆಕೆ, ಬಲಗೈ ಬೆರಳು ನೀವಿಕೊಳ್ಳುತ್ತ.