ಆಕಾಶಮಾರ್ಗದಲ್ಲಿ ಸೈಕಲ್ ಸಾಮಾನು

ಸೈಕಲ್ಲಿಗೂ ವಿಮಾನಕ್ಕೂ ಹಳೆಯ ನೆಂಟಸ್ತನ. 1903ರ ಡಿಸೆಂಬರ್ 17ರಂದು ವಿಮಾನ ಹಾರಿಸಿದ ರೈಟ್ ಸಹೋದರರು ಅಮೆರಿಕದ ಡೇಟನ್ನಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು. ಆ ವಿಮಾನದಲ್ಲೂ ಎಂಜಿನ್ನಿನ ಶಕ್ತಿ ಪಂಖಗಳಿಗೆ ಹೋದದ್ದು ಚೈನು, ಹಲ್ಲುಚಕ್ರಗಳ ಮೂಲಕವೇ.

ಆ ನೆಂಟಸ್ತನ ಈಗ ನಮ್ಮ ಹಳ್ಳಿಗಳಿಗೂ ತಲುಪಿದೆ. ನಮ್ಮ ಎಚ್.ಡಿ. ಕೋಟೆ, ಸರಗೂರು ಕಡೆಯ ಎನ್. ಬೇಗೂರು ಬಂಡೀಪುರದ ಕಾಡಂಚಿನ ಊರು. ಇಂಥ ಊರುಗಳಲ್ಲಿ ಸೈಕಲ್ ಬರೀ ವ್ಯಾಯಾಮದ ಸಾಮಾನಲ್ಲ, ಶಾಲೆಗೆ, ಹೊಲಕ್ಕೆ ಹೋಗುವ ಕಾಲು. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರುಮಾಡಿದಾಗ, ದೂರದ ಹೈಸ್ಕೂಲು ಎಷ್ಟೋ ಹೆಣ್ಣುಮಕ್ಕಳಿಗೆ ಹತ್ತಿರವಾಯಿತು. ಅಂಥ ಊರಿನ ಮಕ್ಕಳು ಈಗ ದೂರದೇಶಗಳಿಂದ ಹಬ್ಬಕ್ಕೆ ಬರುವಾಗ ಕೇಳುತ್ತಾರೆ: "ಅಪ್ಪಾ, ಸೈಕಲ್ಲಿಗೆ ಏನಾದರೂ ತರಲಾ?"

ತರಲಿ, ಆದರೆ ಅಳತೆ ಕೇಳಿ ತರಲಿ. ನಮ್ಮ ಹಳೇ ದೊಡ್ಡ ಸೈಕಲ್ಲಿನದು 28 ಇಂಚಿನ ಚಕ್ರ. ಹೊರದೇಶದ ಅಂಗಡಿಯಲ್ಲೂ 28 ಎಂದು ಬರೆದ ಟೈರು ಸಿಗುತ್ತದೆ. ಆದರೆ ನಮ್ಮ ರಿಮ್ಮಿನ ಅಳತೆ 635 ಮಿಲಿಮೀಟರ್, ಅದರದು 622. ಹದಿಮೂರು ಮಿಲಿಮೀಟರಿನ ವ್ಯತ್ಯಾಸಕ್ಕೆ ಸಾವಿರಾರು ಮೈಲಿ ಹಾರಿ ಬಂದ ಟೈರು ಅಟ್ಟ ಸೇರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಆ ಮೂರಂಕಿಯನ್ನು ಫೋಟೋ ತೆಗೆದು ಕಳಿಸಿದರೆ ಸಾಕು.

ಗೇರ್ ಸೈಕಲ್ಲಿನ ಮಾತು ಬೇರೆ. ಹಿಂಬದಿ ಗೇರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಎಂಬ ಸಣ್ಣ ಲೋಹದ ತುಂಡು ಒಂದೊಂದು ಫ್ರೇಮಿಗೆ ಒಂದೊಂದು ತರಹ. ಪೆಟ್ಟು ಬಿದ್ದರೆ ಫ್ರೇಮು ಉಳಿಯಲೆಂದು ತಾನೇ ಬಾಗುತ್ತದೆ, ಮುರಿಯುತ್ತದೆ. ಅದನ್ನು ತಂದರೆ ಸಾರ್ಥಕ. ಸಣ್ಣ ಮೂತಿಯ ವಾಲ್ವಿಗೆ ಹಾಕುವ ಹಿತ್ತಾಳೆ ಅಡಾಪ್ಟರೂ ಹಾಗೆಯೇ. ಎರಡೂ ಅಂಗೈಯಲ್ಲಿ ಹಿಡಿಯುತ್ತವೆ.

ಇಡೀ ಸೈಕಲ್ ತರುವವರು ಪೆಡಲ್ ಬಿಚ್ಚುವಾಗ ಎಡಗಡೆಯದನ್ನು ಉಲ್ಟಾ ತಿರುಗಿಸಬೇಕು. ಅದರ ತಿರುಪೇ ಹಾಗೆ. ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿ, ಪೂರ್ತಿ ತೆಗೆಯಬೇಡಿ. ಪೆಟ್ಟಿಗೆ ಎತ್ತಿಹಾಕುವಾಗ ರಿಮ್ಮನ್ನು ಕಾಯುವುದು ಆ ಗಾಳಿಯೇ. ಸ್ಪ್ಯಾನರು, ಅಲೆನ್ ಕೀಗಳು ಕೈಚೀಲದಲ್ಲಿ ಬೇಡ, ಲಗೇಜಿನಲ್ಲಿರಲಿ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ಟಿಕೆಟ್ಟಿಗೆ ಸಿಗುವುದು ಬಹುಪಾಲು 15 ಕಿಲೋ ಮಾತ್ರ, ಅದನ್ನೂ ಲೆಕ್ಕದಲ್ಲಿಡಿ. ವಿದ್ಯುತ್ ಸೈಕಲ್ಲಿನ ಬ್ಯಾಟರಿಯನ್ನಂತೂ ಬಿಟ್ಟೇ ಬನ್ನಿ. 160 ವ್ಯಾಟ್-ಅವರ್ ಮೀರಿದ ಇಂಥ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರು ಒಯ್ಯುವಂತಿಲ್ಲ. 36 ವೋಲ್ಟಿನ, 10 ಆಂಪಿಯರ್-ಅವರ್ ಬ್ಯಾಟರಿಯೇ 360 ಆಗುತ್ತದೆ. ಬೆಂಕಿ ಹತ್ತಿದರೆ ಆಕಾಶದಲ್ಲಿ ಇಳಿದು ಓಡಲು ಜಾಗವಿಲ್ಲ, ಆ ನಿಯಮ ಸರಿಯಾದದ್ದೇ.

ಉಳಿದ ಟ್ಯೂಬು, ಕಡ್ಡಿ, ಬ್ರೇಕ್ ರಬ್ಬರು, ಬೇರಿಂಗ್ ಗುಂಡು ಯಾವುದನ್ನೂ ಹೊತ್ತು ತರಬೇಡಿ. ಅವನ್ನು ನಮ್ಮ ಕಡೆಯ ಸೈಕಲ್ ಅಂಗಡಿಗಳಲ್ಲೇ ಕೊಳ್ಳಿ. ಊರಲ್ಲಿ ಪಂಚರ್ ಹಾಕುವವರು ಉಳಿದರೆ ಮಾತ್ರ ಮಕ್ಕಳ ಸೈಕಲ್ಲೂ ಉಳಿಯುತ್ತದೆ.